ಹನ್ನೆರಡನೇ ಸಂಗತಿಯಲ್ಲಿರುವ ಕೈ ನಮ್ಮ ಅಕ್ಕನದು

‘ಮಸಿ ಮೆತ್ತಿದ ಮಹಾಶಯ: ತೆರೆಯ ಹಿಂದಿನ ಮೂವತ್ತು ಸಂಗತಿಗಳು’ ಎಂಬ ಜಾಲಪುಟದ ಸಂಪಾದಕರೂ, ‘ಸತ್ಯದ ಕಾವಲುಗಾರ’ ಎಂಬ ಅಡ್ಡಹೆಸರಿನಿಂದ ಮಾತ್ರ ಲೋಕಕ್ಕೆ ಪರಿಚಿತರೂ ಆದ ಮಹನೀಯರ ಸನ್ನಿಧಿಗೆ,

ಮಾನ್ಯರೇ,

ಮೊತ್ತಮೊದಲಿಗೆ ತಮಗೂ, ತಮ್ಮ ಕಂಪ್ಯೂಟರಿಗೂ, ನಾನು ಎರಡು ದಿನ ಕೂತು ತಿದ್ದಿದ ಒಂದೇ ಒಂದು ವಾಕ್ಯವನ್ನು ಹನ್ನೊಂದೇ ನಿಮಿಷದಲ್ಲಿ ಅಳಿಸಿಹಾಕಿದ ತಮ್ಮ ಚುರುಕು ಬೆರಳುಗಳಿಗೂ ನನ್ನ ಅನಂತ ನಮಸ್ಕಾರಗಳು. ಇಡೀ ಊರು ಮಧ್ಯಾಹ್ನದ ಊಟ ಮುಗಿಸಿ ತೂಕಡಿಸುತ್ತಿದ್ದ ಹೊತ್ತಿನಲ್ಲಿ ತಾವೊಬ್ಬರೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸತ್ಯವನ್ನು ಕಾಯುತ್ತಿದ್ದಿರಲ್ಲ, ಅದನ್ನು ನೆನೆದರೆ ನನ್ನಂಥವಳಿಗೆ ಮೈ ಜುಂ ಎನ್ನುತ್ತದೆ. ನಮ್ಮ ಬೀದಿಯ ನೀರಿನ ಪೈಪು ಒಡೆದು ಒಂಬತ್ತು ದಿನವಾಯಿತು; ಅದನ್ನು ನೋಡಿಕೊಳ್ಳುವ ಇಲಾಖೆಗೆ ತಮ್ಮನ್ನು ವರ್ಗ ಮಾಡಿಸುವ ದಾರಿ ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.

ನನ್ನ ಪರಿಚಯವನ್ನು ತಾವು ಮೂರು ಸಲ ತಿರಸ್ಕರಿಸಿರುವುದರಿಂದ ನಾಲ್ಕನೆಯ ಸಲ ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ. ಮೂವತ್ತೊಂದು ವರ್ಷಗಳ ಹಿಂದೆ ಕಿರುತೆರೆಯಲ್ಲಿ ಬಂದ ಆ ಹಾಸ್ಯ ಧಾರಾವಾಹಿಯ ಉಡುಪು ವಿಭಾಗದಲ್ಲಿ ಹೊಲಿಗೆ ಮತ್ತು ಇಸ್ತ್ರಿ ನನ್ನದು. ನಾನೂರು ವರ್ಷಗಳ ಹಿಂದಿನ ಮಹಾನಾಟಕಕಾರರು ಲೋಕೋತ್ತರ ನಾಟಕ ಬರೆಯಲು ಕೂತಾಗಲೆಲ್ಲ ಹೆಂಡತಿ ಹಾಲು ಉಕ್ಕಿತೆಂದು ಕೂಗುವುದು, ಅತ್ತೆ ಮಸಿಯನ್ನು ಕೆಮ್ಮಿನ ಔಷಧಿಯೆಂದು ಕುಡಿದುಬಿಡುವುದು, ಮಾವ ಒಳ್ಳೆಯ ಕಾಗದವನ್ನೇ ಆರಿಸಿ ಒಲೆ ಹೊತ್ತಿಸುವುದು, ಇಷ್ಟನ್ನೇ ತಿರುಗಿಸಿ ಮುರುಗಿಸಿ ಮೂರು ವರ್ಷ ತೋರಿಸಿದ ಆ ಧಾರಾವಾಹಿಯನ್ನು ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕು ನೋಡಿದರು. ಅದರಲ್ಲಿ ಎಲ್ಲರ ಕತ್ತಿನ ಸುತ್ತ ತಟ್ಟೆಯ ಹಾಗೆ ನಿಂತಿರುತ್ತಿದ್ದ ಗಂಜಿ ಹಾಕಿದ ನೆರಿಗೆ ಕಾಲರುಗಳನ್ನು ತಾವು ನೋಡಿರಬೇಕು. ಒಂದೊಂದಕ್ಕೂ ನೂರಿಪ್ಪತ್ತು ನೆರಿಗೆ. ಅವು ನನ್ನ ಕೈಯಿಂದಲೇ ಎದ್ದು ನಿಂತವು ಎಂದು ನಾನು ಹೇಳಿದರೆ ಅದಕ್ಕೂ ಆಧಾರ ಕೇಳುತ್ತೀರೆಂದು ಬಲ್ಲೆ. ಆ ವಿಷಯ ಬಿಡೋಣ.

ತಮ್ಮ ಮೂವತ್ತು ಸಂಗತಿಗಳನ್ನು ನಾನು ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದ್ದೇನೆ. ಪಾತ್ರಕ್ಕಾಗಿ ನಾಯಕನಟರು ಮುಂದಲೆಯನ್ನು ಬೋಳಿಸಿಕೊಂಡರು ಎಂಬ ನಾಲ್ಕನೇ ಸಂಗತಿ ಓದಿ ಕಣ್ಣು ತುಂಬಿ ಬಂತು. ಆ ಬೋಳು ರಬ್ಬರಿನದು. ದೀಪದ ಶಾಖಕ್ಕೆ ಅಂಟು ಬಿಟ್ಟು, ಮಹಾನಾಟಕಕಾರರು ತೀರಾ ಗಹನವಾಗಿ ಯೋಚಿಸುವ ಹೊತ್ತಿಗೇ ಹುಬ್ಬಿನ ಮೇಲಿಂದ ಸುರುಳಿ ಸುತ್ತಿಕೊಂಡು ಮೇಲೇಳುತ್ತಿತ್ತು. ಸೆಟ್ಟಿಗೆ ಒಂದು ದಿನವೂ ತಡವಾಗಿ ಬಾರದ, ಶಿಸ್ತಿಗೆ ಇನ್ನೊಂದು ಹೆಸರಾಗಿದ್ದ ಆ ನಟರನ್ನು ನಾವೆಲ್ಲ ಪ್ರೀತಿಯಿಂದ ‘ದೊರೆ’ ಎನ್ನುತ್ತಿದ್ದೆವು. ದೊರೆಯ ತಲೆಯ ಬಗ್ಗೆ ನನಗೆ ತಕರಾರಿಲ್ಲ. ತಲೆ ಅವರದು, ರಬ್ಬರು ನಿರ್ಮಾಪಕರದು, ನಡುವೆ ನಾನು ಯಾರು?

ನನ್ನ ತಕರಾರು ಹನ್ನೆರಡನೇ ಸಂಗತಿಯದು. ‘ಧಾರಾವಾಹಿಯ ಉದ್ದಕ್ಕೂ ಗರಿಯ ಲೇಖನಿ ಹಿಡಿದು ಬರೆಯುವ ಕೈ ಸ್ವತಃ ನಾಯಕನಟರದೇ, ಇದಕ್ಕಾಗಿ ಅವರು ಆರು ತಿಂಗಳು ಪ್ರಾಚೀನ ಬರವಣಿಗೆಯನ್ನು ಅಭ್ಯಾಸ ಮಾಡಿದರು’ ಎಂದು ತಾವು ಬರೆದು, ಕೆಳಗೆ ದೊರೆಯ ಸಂದರ್ಶನವನ್ನೇ ಆಧಾರವಾಗಿ ಕೊಟ್ಟಿದ್ದೀರಿ. ಮಾನ್ಯರೇ, ಆ ಕೈ ನಮ್ಮ ಅಕ್ಕನದು. ದೊರೆ ಗರಿಯನ್ನು ಬಳಸಿದ್ದು ಕಿವಿ ಕೆರೆದುಕೊಳ್ಳುವುದಕ್ಕೆ ಮಾತ್ರ, ಮತ್ತು ಆ ಕೆಲಸದಲ್ಲಿ ಅವರಿಗೆ ಆರು ತಿಂಗಳಲ್ಲ, ಆರು ವರ್ಷದ ಅಭ್ಯಾಸವಿದ್ದಂತೆ ಕಾಣುತ್ತಿತ್ತು.

ಅಕ್ಕ ಅದಕ್ಕೂ ಮುಂಚೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದಳು. ಏಣಿಯ ಮೇಲೆ ನಿಂತು ‘ಇಲ್ಲಿ ಛತ್ರಿ ರಿಪೇರಿ ಮಾಡಲಾಗುವುದು’ ಎಂಬುದನ್ನು ಒಂದು ಗೆರೆಯನ್ನೂ ಮೊದಲೇ ಎಳೆದುಕೊಳ್ಳದೆ ನೇರವಾಗಿ ಬರೆಯುತ್ತಿದ್ದವಳು. ಧಾರಾವಾಹಿಗೆ ಅವಳನ್ನು ಕರೆದದ್ದು ಗರಿ ಕೆತ್ತಲಿಕ್ಕೆ, ಮಸಿ ಕಲಸಲಿಕ್ಕೆ, ಹೊಸ ಕಾಗದವನ್ನು ಚಹಾದಲ್ಲಿ ಅದ್ದಿ ಹಳೆಯದು ಮಾಡಲಿಕ್ಕೆ. ಮೊದಲ ದಿನ ದೊರೆ ಗರಿ ಹಿಡಿದು ಬರೆದದ್ದನ್ನು ಕ್ಯಾಮೆರಾದಲ್ಲಿ ನೋಡಿದ ನಿರ್ದೇಶಕರು ಅಕ್ಕನ ಕಡೆ ತಿರುಗಿ, ‘ಮಸಿಯಮ್ಮ, ನೀವೇ ಸ್ವಲ್ಪ ಕೈ ಕೊಡ್ತೀರಾ?’ ಎಂದರು. ಆ ಸ್ವಲ್ಪ ಮೂರು ವರ್ಷವಾಯಿತು. ಬೋರ್ಡು ಬರೆದು ಒರಟಾಗಿದ್ದ ಅವಳ ಬೆರಳುಗಳ ಮೇಲೆ ಮೇಕಪ್ಪಿನವರು ದಿನವೂ ಬೆಳಿಗ್ಗೆ ಅಂಟು ಹಚ್ಚಿ ಗಂಡಸಿನ ಕೂದಲು ಅಂಟಿಸುತ್ತಿದ್ದರು. ಸಂಜೆ ಅದೇ ಕೈಯಲ್ಲಿ ಅವಳು ಬಸ್ಸಿನ ಕಂಬಿ ಹಿಡಿದು ನಿಂತರೆ ಪಕ್ಕದವರು ಒಂದು ಹೆಜ್ಜೆ ದೂರ ಸರಿಯುತ್ತಿದ್ದರು.

ಬರೀ ಕೈ ತೋರಿಸುವ ದೃಶ್ಯವಾದರೆ ಅಕ್ಕ ಅಂಗಿಯ ತೋಳು ತೊಟ್ಟು ಕುರ್ಚಿಯಲ್ಲಿ ಕೂತರೆ ಸಾಕಿತ್ತು. ಆದರೆ ಮಹಾನಾಟಕಕಾರರ ಮುಖದ ಸ್ಫೂರ್ತಿಯೂ ಅವರ ಕೈಯ ಬರವಣಿಗೆಯೂ ಒಟ್ಟಿಗೆ ಕಾಣಬೇಕೆಂದು ನಿರ್ದೇಶಕರು ಹಟ ಹಿಡಿದದ್ದರಿಂದ, ನಾನು ದೊರೆಯ ಮೇಲಂಗಿಯ ಬಲಭುಜದ ಕೆಳಗೆ ಒಂದು ಗುಟ್ಟಿನ ಸೀಳು ಬಿಟ್ಟು ಹೊಲಿದೆ. ದೊರೆ ತಮ್ಮ ಸ್ವಂತ ಬಲಗೈಯನ್ನು ಬೆನ್ನ ಹಿಂದೆ ಮಡಿಚಿಟ್ಟು ಆಕಾಶ ನೋಡುತ್ತ ಸ್ಫೂರ್ತಿ ಪಡೆಯುತ್ತಿದ್ದರು. ಅಕ್ಕ ಪಕ್ಕದಲ್ಲಿ ಮೋಟು ಮಣೆಯ ಮೇಲೆ ಮುದುಡಿ ಕೂತು, ಮೇಲಂಗಿಯೊಳಗೆ ತಲೆ ಹುದುಗಿಸಿ, ಸೀಳಿನಿಂದ ಕೈ ಹೊರಗೆ ಚಾಚಿ, ಕಾಣದ ಮೇಜಿನ ಮೇಲಿನ ಕಾಣದ ಕಾಗದದಲ್ಲಿ ಬರೆಯುತ್ತಿದ್ದಳು. ಹೌದು ಮಾನ್ಯರೇ, ಕುರುಡಾಗಿ ಬರೆಯುತ್ತಿದ್ದಳು, ಒಂದೇ ಒಂದು ಸಾಲು ಸೊಟ್ಟಗೆ ಹೋಗದಂತೆ. ತಾವು ಬೇಕಾದರೆ ಯಾರದಾದರೂ ಕೋಟಿನೊಳಗೆ ತಲೆ ಹಾಕಿ ತಮ್ಮ ಮೂವತ್ತು ಸಂಗತಿಗಳನ್ನು ಒಮ್ಮೆ ಟೈಪು ಮಾಡಿ ನೋಡಬೇಕೆಂದು ವಿನಂತಿ. ಈಗಿರುವುದಕ್ಕಿಂತ ಹೆಚ್ಚು ತಪ್ಪುಗಳೇನೂ ಆಗಲಾರವು.

ಪ್ರೇಮಪತ್ರ ಬರೆಯುವ ದೃಶ್ಯದಲ್ಲಿ ನಾಯಕನಟರು ಇದ್ದಕ್ಕಿದ್ದಂತೆ ಸೀನಿದ್ದು ಅವರದೇ ಹೊಳಹೆಂದೂ, ಆ ಸೀನಿನ ಸಮಯಪ್ರಜ್ಞೆಗಾಗಿಯೇ ಅವರಿಗೆ ಪ್ರಶಸ್ತಿ ಬಂತೆಂದೂ ತಮ್ಮ ಒಂಬತ್ತನೇ ಸಂಗತಿ ಸಾರುತ್ತದೆ. ಸೀನಿದ್ದು ಅಕ್ಕ. ಮೇಲಂಗಿಯ ಧೂಳು ಮೂಗಿಗೆ ಹೋಗಿ ಅವಳು ಮನೆ ಹಾರಿಹೋಗುವ ಹಾಗೆ ಸೀನಿದಳು. ತಮ್ಮ ಕಂಕುಳಲ್ಲೇ ಸಿಡಿಲು ಬಡಿದಂತೆ ದೊರೆ ಬೆಚ್ಚಿ, ಆಮೇಲೆ ನೆನಪಾಗಿ ಮೂಗು ಒರೆಸಿಕೊಂಡರು. ಬೆಚ್ಚಿದ್ದು ಮಾತ್ರ ಅವರ ಸ್ವಂತದ್ದು. ಆ ಮಟ್ಟಿಗೆ ಪ್ರಶಸ್ತಿ ನ್ಯಾಯವಾಗಿಯೇ ಸಂದಿದೆ. ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯಲ್ಲಿ ಅಕ್ಕನ ಹೆಸರು ಬರಲಿಲ್ಲ. ಮಹಾಪುರುಷನ ಕೈ ಒಬ್ಬ ಹೆಂಗಸಿನದೆಂದು ಗೊತ್ತಾದರೆ ಜನರ ರಸಭಂಗವಾಗುತ್ತದೆಂದು ನಿರ್ಮಾಪಕರ ಚಿಂತೆ. ‘ಕಾಗದ, ಮಸಿ, ಇತರೆ’ ಎಂದಷ್ಟೇ ಬರುತ್ತಿತ್ತು. ಟೀವಿ ಮುಂದೆ ಕೂತ ಅಕ್ಕ ‘ನೋಡೇ, ಇತರೆ ಅಂದ್ರೆ ನಾನು’ ಎಂದು ತೋರಿಸಿ ನಗುತ್ತಿದ್ದಳು. ಅವಳು ನಿಜವಾಗಿ ನಗುತ್ತಿದ್ದಳು. ಸಿಟ್ಟು ಬರುತ್ತಿದ್ದದ್ದು ನನಗೆ.

ಹಾಗಾದರೆ ಮೂವತ್ತೊಂದು ವರ್ಷ ಸುಮ್ಮನಿದ್ದವಳು ಈಗೇಕೆ ತಮ್ಮ ತಲೆ ತಿನ್ನುತ್ತಿದ್ದೇನೆಂದು ಕೇಳಬಹುದು. ಅಕ್ಕನಿಗೆ ಒಬ್ಬಳು ಮೊಮ್ಮಗಳಿದ್ದಾಳೆ. ವಯಸ್ಸು ಒಂಬತ್ತು, ಬಾಯಿ ಮೂವತ್ತರದು. ಅವಳನ್ನು ನಾವು ಗುಬ್ಬಿ ಎನ್ನುತ್ತೇವೆ. ಹೋದ ತಿಂಗಳು ಶಾಲೆಯಲ್ಲಿ ಮಹಾನಾಟಕಕಾರರ ಪಾಠ ನಡೆದಾಗ ಗುಬ್ಬಿ ಎದ್ದು ನಿಂತು, ಟೀವಿಯಲ್ಲಿ ಅವರ ಕೈಯಾಗಿದ್ದದ್ದು ನಮ್ಮಜ್ಜಿ ಎಂದು ಹೇಳಿದಳು. ತರಗತಿ ನಕ್ಕಿತು. ಅವಳ ಮೇಡಂ ಕೆಟ್ಟವರಲ್ಲ, ಪಾಪ. ಫೋನು ತೆಗೆದು ಹುಡುಕಿದರು, ಹುಡುಕಿದೊಡನೆ ತಮ್ಮ ಪುಟ ಸಿಕ್ಕಿತು, ಹನ್ನೆರಡನೇ ಸಂಗತಿಯನ್ನು ಎಲ್ಲರಿಗೂ ಕೇಳುವಂತೆ ಓದಿ, ‘ಇಲ್ಲದ್ದನ್ನೆಲ್ಲ ಹೇಳಬಾರ್ದು ಪುಟ್ಟಾ’ ಎಂದು ಬೆನ್ನು ತಟ್ಟಿ ಕೂರಿಸಿದರು. ಗುಬ್ಬಿ ಮನೆಗೆ ಬಂದವಳೇ ಚೀಲ ಬಿಸಾಕಿ, ಒಂದು ಕಾಗದವನ್ನೂ ಪೆನ್ನನ್ನೂ ಅಜ್ಜಿಯ ಮುಂದೆ ಇಟ್ಟು, ‘ಹಾಗಾದ್ರೆ ಈಗ ಬರೆದು ತೋರ್ಸು’ ಎಂದಳು.

ಅಕ್ಕನ ಕೈ ಈಗ ನಡುಗುತ್ತದೆ, ಮಾನ್ಯರೇ. ಎರಡು ವರ್ಷವಾಯಿತು. ಅಂಗಿಯ ಗುಂಡಿ ನಾನು ಹಾಕುತ್ತೇನೆ, ಚಹಾದ ಲೋಟವನ್ನು ಅರ್ಧವೇ ತುಂಬಿಸುತ್ತೇನೆ. ಅವಳು ಪೆನ್ನು ಹಿಡಿದು, ನಡುಗುವ ಬಲಗೈಯನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಗುಬ್ಬಿಯ ಹೆಸರು ಬರೆಯಲು ಹೋದಳು. ಮೊದಲ ಅಕ್ಷರವೇ ಬೆದರಿದ ಜಿರಲೆಯ ಹಾಗೆ ಕಾಗದದ ತುಂಬ ಓಡಿತು. ಗುಬ್ಬಿ ಮುಖ ಬೇರೆ ಕಡೆ ತಿರುಗಿಸಿಕೊಂಡಳು. ಅವತ್ತಿನಿಂದ ಅಕ್ಕ ಆ ಧಾರಾವಾಹಿಯ ಸುದ್ದಿ ಎತ್ತಿಲ್ಲ. ‘ಬಿಡೇ, ಯಾರ ಕೈಯಾದ್ರೇನು, ಅಕ್ಷರ ಚೆನ್ನಾಗಿತ್ತಲ್ಲ’ ಎನ್ನುತ್ತಾಳೆ. ನನಗೆ ಬಿಡಲಾಗುತ್ತಿಲ್ಲ.

ಆದ್ದರಿಂದಲೇ ನಾನು ತಮ್ಮ ಪುಟವನ್ನು ತಿದ್ದುವ ಉದ್ಧಟತನ ತೋರಿದ್ದು. ಅದನ್ನು ಅಳಿಸಿದ ತಾವು ‘ಆಧಾರವಿಲ್ಲ’ ಎಂದು ಒಂದೇ ಪದದಲ್ಲಿ ಅಪ್ಪಣೆ ಕೊಡಿಸಿದಿರಿ. ನಾನು ಕಣ್ಣಾರೆ ಕಂಡವಳು, ಆ ಮೇಲಂಗಿ ಹೊಲಿದವಳು, ಆಕೆಯ ಒಡಹುಟ್ಟಿದವಳು ಎಂದು ಬರೆದೆ. ಅದಕ್ಕೆ ತಾವು, ‘ತಾವು ಈ ವಿಷಯಕ್ಕೆ ತೀರಾ ಹತ್ತಿರದವರಾದ್ದರಿಂದ ತಮ್ಮ ಮಾತನ್ನು ಪರಿಗಣಿಸಲಾಗದು’ ಎಂದು ಉತ್ತರಿಸಿದಿರಿ. ಎಂಥ ಘನವಾದ ನಿಯಮ! ಹಾಗಾದರೆ ಅಕ್ಕ ತನ್ನ ಕೈಗೆ ನನಗಿಂತಲೂ ಹತ್ತಿರದವಳು. ಅವಳ ಮಾತಂತೂ ನಡೆಯುವುದೇ ಇಲ್ಲ. ಒಬ್ಬ ಮನುಷ್ಯ ತನ್ನ ಕೈಯನ್ನು ಮೈಯಿಂದ ಎಷ್ಟು ಅಡಿ ದೂರದಲ್ಲಿಟ್ಟರೆ ಅದರ ಬಗ್ಗೆ ನಂಬಿಕೆಗೆ ಅರ್ಹನಾಗುತ್ತಾನೆ ಎಂಬುದನ್ನು ತಾವು ದಯಮಾಡಿ ತಿಳಿಸಿದರೆ, ನಾನು ಟೇಪು ಹಿಡಿದು ಅಳೆದು ವ್ಯವಸ್ಥೆ ಮಾಡುತ್ತೇನೆ. ಅಳತೆ ತೆಗೆಯುವುದೇ ನನ್ನ ಕಸುಬು. ದೊರೆ ಮಾತ್ರ ತಮ್ಮದಲ್ಲದ ಕೈಯ ಬಗ್ಗೆ ಮಾತಾಡಿದವರಾದ್ದರಿಂದ ಆ ಕೈಗೆ ಸಾಕಷ್ಟು ದೂರದವರೇ ಆಗಿದ್ದರು, ಆ ಕಾರಣಕ್ಕೇ ಅವರ ಮಾತು ತಮಗೆ ಪ್ರಮಾಣವಾಯಿತು ಎಂಬುದು ನನಗೆ ಈಗೀಗ ಅರ್ಥವಾಗುತ್ತಿದೆ.

ಇನ್ನು ಹದಿನೇಳನೇ ಸಂಗತಿ. ‘ತಪ್ಪುಗಳು’ ಎಂಬ ತಲೆಬರಹದಡಿ ತಾವು, ಏಳನೇ ಕಂತಿನಲ್ಲಿ ನಾಟಕಕಾರರು ಉಯಿಲು ಬರೆಯುವಾಗ ಅವರ ಕೈಯ ಮೇಲೆ ಸುಟ್ಟ ಗಾಯವಿದೆ, ಮರುಗಳಿಗೆಯಲ್ಲೇ ಗಲ್ಲ ಕೆರೆದುಕೊಳ್ಳುವಾಗ ಅದು ಮಾಯವಾಗಿದೆ, ಇದು ಮೇಕಪ್ ವಿಭಾಗದ ಬೇಜವಾಬ್ದಾರಿ ಎಂದು ಛೀಮಾರಿ ಹಾಕಿದ್ದೀರಿ. ತಮ್ಮ ಕಣ್ಣು ಎಷ್ಟು ಸೂಕ್ಷ್ಮವೆಂದರೆ ಗಾಯ ಕಂಡಿತು. ಬರೆಯುವ ಕೈ ಬೇರೆ, ಕೆರೆಯುವ ಕೈ ಬೇರೆ ಎಂಬುದೊಂದು ಮಾತ್ರ ಕಾಣಲಿಲ್ಲ. ಮೇಕಪ್ಪಿನವರನ್ನು ದಯವಿಟ್ಟು ಬಿಟ್ಟುಬಿಡಿ. ಆ ಗಾಯ ನಾನು ಮಾಡಿದ್ದು.

ಅವತ್ತು ನಾನು ಹದಿನಾಲ್ಕು ಕಾಲರಿಗೆ ಗಂಜಿ ಹಾಕಿ, ಒಂದೊಂದೇ ನೆರಿಗೆ ಎಬ್ಬಿಸುತ್ತ, ಹಿಂದೆ ನಿಂತಿದ್ದ ಯಾರ ಜೊತೆಗೋ ಹರಟೆ ಹೊಡೆಯುತ್ತಿದ್ದೆ. ಅಕ್ಕ ತಾನು ತೊಡುವ ಅಂಗಿಯ ತೋಳು ಒಯ್ಯಲು ಬಂದು ಮೇಜಿನ ಮೇಲೆ ಕೈ ಊರಿದಳು. ನಾನು ನಗುತ್ತ ತಿರುಗಿ, ನೋಡದೆ, ಕಾದ ಇಸ್ತ್ರಿಪೆಟ್ಟಿಗೆಯನ್ನು ಅವಳ ಬಲಗೈಯ ಮೇಲೆ ಇಟ್ಟೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಗರಿ ಒರಗುವ ಜಾಗದಲ್ಲೇ. ಅವಳು ಕೂಗಲಿಲ್ಲ. ಬಕೆಟ್ಟಿನ ನೀರಿನಲ್ಲಿ ಕೈ ಅದ್ದಿಕೊಂಡು ಕೂತಳು. ನಿರ್ದೇಶಕರು ಚಿತ್ರೀಕರಣ ನಿಲ್ಲಿಸೋಣ ಎಂದಾಗ, ‘ಮುಖ ತೋರ್ಸಬೇಕಾಗಿದ್ರೆ ಕಷ್ಟ ಆಗ್ತಿತ್ತು ಸಾರ್. ಕೈ ತಾನೇ? ಕೈ ಅಳಲ್ಲ’ ಎಂದು ಎದ್ದು ಹೋಗಿ, ಮೇಲಂಗಿಯೊಳಗೆ ತಲೆ ಹಾಕಿ, ಉಯಿಲು ಪೂರ್ತಿ ಬರೆದಳು. ನನ್ನ ಜೊತೆ ಅವತ್ತು ಒಂದು ಮಾತೂ ಆಡಲಿಲ್ಲ, ಮರುದಿನವೂ ಇಲ್ಲ. ಮೂರನೇ ದಿನ ಎಂದಿನ ಹಾಗೆ ನೀಲಿ ದಾರ ಎಲ್ಲಿಟ್ಟಿದ್ದೀಯ ಎಂದು ಕೇಳಿದಳು. ಆ ವಿಷಯವನ್ನು ನಾವಿಬ್ಬರೂ ಮತ್ತೆಂದೂ ಎತ್ತಲಿಲ್ಲ. ಎರಡು ದಿನ ಅವಳು ಸಿಟ್ಟಿನಲ್ಲಿದ್ದಳು ಎಂದೇ ಮೂವತ್ತೊಂದು ವರ್ಷ ತಿಳಿದುಕೊಂಡಿದ್ದೆ.

ಈಗ ತಮ್ಮ ಹತ್ತೊಂಬತ್ತನೇ ಸಂಗತಿಗೆ ಬರೋಣ. ಇದು ತಮ್ಮ ಕಿರೀಟದ ಕಲ್ಲು. ತೆರೆಯ ಮೇಲೆ ಕಾಣುವ ಹಾಳೆಗಳಲ್ಲಿರುವುದು ಮಹಾನಾಟಕಕಾರರ ಕಳೆದುಹೋದ ನಾಟಕವೊಂದರ ಸಾಲುಗಳೆಂದೂ, ಅಭಿಮಾನಿ ಪಂಡಿತರು ಚಿತ್ರವನ್ನು ನಿಲ್ಲಿಸಿ, ಹಿಗ್ಗಿಸಿ, ಆ ಬಳುಕು ಅಕ್ಷರಗಳನ್ನು ಓದಿ ವ್ಯಾಖ್ಯಾನ ಬರೆದಿದ್ದಾರೆಂದೂ ತಾವು ತಿಳಿಸಿದ್ದೀರಿ. ವಿಷಯ ಇಷ್ಟೇ: ಕಾಣದೆ ಬರೆಯುವಾಗ ಕೊಟ್ಟ ಸಂಭಾಷಣೆಯನ್ನು ನೆನಪಿಸಿಕೊಳ್ಳುತ್ತ ಹೋದರೆ ಅಕ್ಕನ ಸಾಲು ಸೊಟ್ಟಗಾಗುತ್ತಿತ್ತು. ತಲೆಯಲ್ಲಿ ಆಗಲೇ ಓಡುತ್ತಿರುವುದನ್ನು ಬರೆದರೆ ಕೈ ಸಲೀಸಾಗಿ ಸಾಗುತ್ತಿತ್ತು. ಹೀಗಾಗಿ ಅವಳು ಮನೆಯ ವಿಷಯಗಳನ್ನೇ ಹಳೆಯ ಕಾಲದ ಅಕ್ಷರದಲ್ಲಿ ಬರೆಯುತ್ತಿದ್ದಳು. ಪಂಡಿತರು ಸಾವಿನ ಸಂಕೇತವೆಂದು ನಾಲ್ಕು ಪುಟ ವಿವರಿಸಿರುವ ‘ನೀಲಿ ದಾರ ಮುಗಿದಿದೆ’ ಎಂಬ ಸಾಲಿನ ಅರ್ಥ, ನೀಲಿ ದಾರ ಮುಗಿದಿದೆ ಎಂದು. ‘ಸೋಪು ನೀರಲ್ಲಿ ಬಿಡಬೇಡ, ಕರಗುತ್ತದೆ’ ಎಂಬುದು ಮನುಷ್ಯಜೀವನದ ಕ್ಷಣಿಕತೆಯ ಕುರಿತದ್ದಲ್ಲ, ನನ್ನ ಕುರಿತದ್ದು.

ಪಂಡಿತರು ಓದಿದ ಸಾಲುಗಳ ಪಟ್ಟಿಯನ್ನು ಓದಿ ನಾನು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆ, ಮಾನ್ಯರೇ, ಏಳನೇ ಕಂತಿನ ಉಯಿಲಿಗೆ ಬರುವವರೆಗೆ. ಅಲ್ಲಿ ಪಂಡಿತರು ಓದಿರುವ ಸಾಲು ಹೀಗಿದೆ: ‘ಅವಳನ್ನು ಯಾರೂ ಬೈಯಬೇಡಿ. ಕಾದಿದ್ದದ್ದು ಕಬ್ಬಿಣ, ಅವಳಲ್ಲ. ಮಾತಾಡಿಸಿದರೆ ನಾನು ಅತ್ತುಬಿಡುತ್ತೇನೆ, ನಾನು ಅತ್ತರೆ ಅವಳೂ ಅಳುತ್ತಾಳೆ, ಅದಕ್ಕೆ ಎರಡು ದಿನ ಸುಮ್ಮನಿರುತ್ತೇನೆ.’ ಇದು ನಾಟಕಕಾರರು ತಮ್ಮ ಗುಪ್ತ ಪ್ರೇಯಸಿಯನ್ನು ಕುರಿತು ಆಡಿದ್ದು, ಕಬ್ಬಿಣವೆಂದರೆ ಯುದ್ಧ, ಎಂದು ತಾವು ಅಡಿಟಿಪ್ಪಣಿ ಕೊಟ್ಟಿದ್ದೀರಿ.

ನಾನು ಆ ಪುಟವನ್ನು ಮುಚ್ಚಿ ಅಡುಗೆಮನೆಗೆ ಹೋಗಿ ನಿಂತುಕೊಂಡೆ. ಅಕ್ಕ ಪಕ್ಕದ ಕೋಣೆಯಲ್ಲಿ ರೇಡಿಯೊದ ಕಿವಿ ಹಿಂಡಲು ಹೆಣಗುತ್ತಿದ್ದಳು. ತಮ್ಮ ಪುಟವನ್ನು ನಾನು ಇಲ್ಲಿಯವರೆಗೆ ಎಷ್ಟೇ ಹಳಿದಿದ್ದರೂ ಈ ಒಂದು ಉಪಕಾರಕ್ಕೆ ಮಾತ್ರ ಅಣಕವಿಲ್ಲದೆ ಕೈ ಮುಗಿಯುತ್ತೇನೆ. ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ಬಾಳಿದ ಇಬ್ಬರು ಹೇಳಿಕೊಳ್ಳಲಾಗದ್ದನ್ನು, ಒಂದಕ್ಷರವೂ ಅರ್ಥವಾಗದೆ, ತಾವು ನನಗೆ ತಲುಪಿಸಿದಿರಿ.

ಅಂದ ಹಾಗೆ, ತಾವು ಕೇಳುತ್ತಿದ್ದ ಆಧಾರವೂ ಅದೇ. ಇಸ್ತ್ರಿಪೆಟ್ಟಿಗೆಯ ಸಂಗತಿ ಆಗ ಮೇಕಪ್ಪಿನ ಕೋಣೆಯಲ್ಲಿದ್ದ ದೊರೆಗೆ ಗೊತ್ತಿರಲಿಲ್ಲ. ಗಾಯ ಅಕ್ಕನ ಕೈಯ ಮೇಲೆ ಇಂದಿಗೂ ಇದೆ, ದೊರೆಯ ಕೈಯ ಮೇಲೆ ಎಂದೂ ಇರಲಿಲ್ಲ. ಸಾಲು ತಮ್ಮದೇ ಪುಟದಲ್ಲಿದೆ. ಹನ್ನೆರಡು, ಹದಿನೇಳು, ಹತ್ತೊಂಬತ್ತು, ಈ ಮೂರು ಸಂಗತಿಗಳನ್ನು ತಾವು ಒಂದರ ಪಕ್ಕ ಒಂದಿಟ್ಟು ನೋಡಿದ್ದರೆ ಸಾಕಿತ್ತು. ಇದನ್ನೇ ಮೂರನೇ ಪತ್ರದಲ್ಲಿ ವಿವರಿಸಿದಾಗ ತಾವು ಬರೆದ ಉತ್ತರ ನನಗೆ ಬಾಯಿಪಾಠವಾಗಿದೆ: ‘ತಮ್ಮ ತರ್ಕ ಸ್ವಾರಸ್ಯಕರವಾಗಿದೆ. ಆದರೆ ನಿಯಮದ ಪ್ರಕಾರ ಪತ್ರಿಕೆಯಲ್ಲಿ ಅಚ್ಚಾದದ್ದನ್ನು ಮಾತ್ರ ಆಧಾರವೆಂದು ಒಪ್ಪಲಾಗುವುದು. ಯಾರು ಬರೆದರೆಂಬುದು ಮುಖ್ಯವಲ್ಲ, ಅಚ್ಚಾಗಿರಬೇಕು.’

ಆದುದರಿಂದ, ಮಾನ್ಯರೇ, ಇಗೋ ಅಚ್ಚಾಗಿದೆ. ತಾವು ಈಗ ಓದುತ್ತಿರುವುದು ಒಂದು ಪತ್ರಿಕೆ. ಮೇಲೆ ದಿನಾಂಕವಿದೆ, ಕೆಳಗೆ ಪುಟಸಂಖ್ಯೆಯಿದೆ. ಹನ್ನೆರಡನೇ ಸಂಗತಿಯನ್ನು ತಿದ್ದಿ, ಕೆಳಗೆ ಆಧಾರವಾಗಿ ಈ ಪತ್ರವನ್ನು ಕೊಡಬೇಕೆಂದು ಪ್ರಾರ್ಥನೆ. ಸೋಮವಾರ ಹತ್ತು ಗಂಟೆಯೊಳಗೆ ಆದರೆ ಬಹಳ ಉಪಕಾರ; ಆ ಹೊತ್ತಿಗೆ ಗುಬ್ಬಿಯ ಮೇಡಂ ತರಗತಿಗೆ ಬರುತ್ತಾರೆ, ಮತ್ತು ಹೋದ ಸಲ ಓದಿದಷ್ಟೇ ದೊಡ್ಡ ದನಿಯಲ್ಲಿ ಈ ಸಲವೂ ಓದುವುದಾಗಿ ಮಾತು ಕೊಟ್ಟಿದ್ದಾರೆ. ತಮಗೆ ಹನ್ನೊಂದು ನಿಮಿಷ ಸಾಕೆಂದು ಅನುಭವದಿಂದ ಬಲ್ಲೆ. ಹದಿನೇಳನೇ ಸಂಗತಿಯನ್ನು ‘ತಪ್ಪುಗಳು’ ಎಂಬ ತಲೆಬರಹದಡಿಯಲ್ಲೇ ಉಳಿಸಿಕೊಳ್ಳಿ, ಮೇಕಪ್ ವಿಭಾಗ ಎಂಬಲ್ಲಿ ಇಸ್ತ್ರಿ ವಿಭಾಗ ಎಂದು ಮಾತ್ರ ಬದಲಿಸಿ. ಆ ತಪ್ಪಿಗೆ ಅಕ್ಕ ಎಂದೋ ಕ್ಷಮೆ ಕೊಟ್ಟಿದ್ದಾಳೆ. ಆದರೂ ತಪ್ಪು ನನ್ನದೇ, ಅದು ನನ್ನ ಹೆಸರಿನಲ್ಲೇ ಇರಲಿ.

ತಮ್ಮ ಆಯುರಾರೋಗ್ಯವನ್ನೂ, ಅದಕ್ಕಿಂತ ಮಿಗಿಲಾಗಿ ತಮ್ಮ ದೃಷ್ಟಿಯ ಸುಧಾರಣೆಯನ್ನೂ ಹಾರೈಸುವ,

ತಮ್ಮ ವಿಶ್ವಾಸಿ,
ಮಹಾನಾಟಕಕಾರರ ಬಲಗೈಗೆ ಒಡಹುಟ್ಟಿದ ತಂಗಿ

ತಾ.ಕ.: ನಾಯಕನಟರು ಸೆಟ್ಟಿಗೆ ಒಂದು ದಿನವೂ ತಡವಾಗಿ ಬಂದವರಲ್ಲವೆಂದು ಮೇಲೆ ಬರೆದಿದ್ದೇನಲ್ಲ, ಅದು ಶುದ್ಧ ಸುಳ್ಳು. ಅವರು ಒಂದು ದಿನವೂ ಸಮಯಕ್ಕೆ ಬಂದದ್ದಿಲ್ಲ. ಬೆಳಿಗ್ಗೆ ಎಬ್ಬಿಸಿ ನಿಲ್ಲಿಸಿದ ನೆರಿಗೆಗಳು ಅವರನ್ನು ಕಾದು ಕಾದು ಮಧ್ಯಾಹ್ನಕ್ಕೆ ಮಲಗಿಬಿಡುತ್ತಿದ್ದವು. ಈಗ ಎರಡೂ ಮಾತುಗಳು ಒಂದೇ ಪತ್ರಿಕೆಯ ಒಂದೇ ಪುಟದಲ್ಲಿ ಅಚ್ಚಾಗಿವೆ. ಇವುಗಳಲ್ಲಿ ಯಾವುದನ್ನು ಮೂವತ್ತೊಂದನೇ ಸಂಗತಿಯಾಗಿ ಸೇರಿಸುತ್ತೀರೋ ತಮ್ಮ ಚಿತ್ತ. ಮೊದಲನೆಯದನ್ನು ಸೇರಿಸಿದರೆ ನನ್ನ ಸುಳ್ಳನ್ನೇ ನಂಬಿದವರು ನನ್ನ ಅಕ್ಕನ ಕೈಯನ್ನು ನಂಬದಿರಲು ಕಾರಣವಿಲ್ಲ. ಎರಡನೆಯದನ್ನು ಸೇರಿಸಿದರೆ, ಅದೇ ಸಂದರ್ಶನದಲ್ಲಿ ಸಮಯಪಾಲನೆಯನ್ನೂ ಕೊಚ್ಚಿಕೊಂಡ ದೊರೆಯ ಮಾತಿಗಿಂತ ಇಸ್ತ್ರಿಯವಳ ಮಾತು ಮೇಲೆಂದು ತಾವೇ ಒಪ್ಪಿದಂತಾಯಿತು.